ಕಾನೂನು ಮುರಿದಿಲ್ಲ ಅಂದರೆ ಸಾಕೇ?

ಕಕ್ಷಿದಾರನ ಮೇಲೆ ಆರೋಪ ಬಂದರೆ ವಕೀಲರು ಕೇಳುವ ಮೊದಲ ಪ್ರಶ್ನೆ: 'ಯಾವ ಸೆಕ್ಷನ್?' ಕೋರ್ಟಿನಲ್ಲಿ ಅದು ಸರಿಯಾದ ಪ್ರಶ್ನೆಯೇ. ಆದರೆ ಅದೇ ವಕೀಲರು ಪ್ರಧಾನಿಯ ಕುರ್ಚಿಯಲ್ಲಿ ಕೂತಾಗ? ಎಸ್ಟೋನಿಯಾದ ಕಾಯಾ ಕಲ್ಲಾಸ್ ಅವರ ರಾಜಕೀಯ ಬದುಕನ್ನು ಗಮನಿಸಿದಾಗಲೆಲ್ಲ ನನ್ನನ್ನು ಕಾಡುವುದು ಇದೇ.

ಎಸ್ಟೋನಿಯಾ ರಷ್ಯಾಕ್ಕೆ ಅಂಟಿಕೊಂಡಿರುವ, ಸುಮಾರು 13 ಲಕ್ಷ ಜನರ ಪುಟ್ಟ ದೇಶ. 1991ರವರೆಗೂ ಸೋವಿಯತ್ ಹಿಡಿತದಲ್ಲಿತ್ತು. 1949ರಲ್ಲಿ ಸೈಬೀರಿಯಾಕ್ಕೆ ಗಡೀಪಾರಾದ ಸಾವಿರಾರು ಜನರಲ್ಲಿ ಕಲ್ಲಾಸ್ ಅವರ ತಾಯಿಯೂ ಇದ್ದರು, ಆಗ ಆರು ತಿಂಗಳ ಕೂಸು. ತಂದೆ ಸೀಮ್ ಕಲ್ಲಾಸ್ 2002-03ರಲ್ಲಿ ಪ್ರಧಾನಿಯಾಗಿದ್ದವರು. ಅಂದರೆ ಮಗಳು ರಾಜಕೀಯಕ್ಕೆ ಹೊಸಬರೇನಲ್ಲ. ಆದರೂ ಅವರು ಮೊದಲು ಹಿಡಿದದ್ದು ವಕೀಲಿಕೆಯನ್ನು. ತಾರ್ತು ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಕಂಪನಿಗಳ ನಡುವಿನ ಸ್ಪರ್ಧೆಯನ್ನು ನಿಯಂತ್ರಿಸುವ ಕಾನೂನಿನಲ್ಲಿ ಪರಿಣತಿ ಪಡೆದರು.

2011ರಲ್ಲಿ ಸಂಸತ್ತಿಗೆ, 2014ರಲ್ಲಿ ಯುರೋಪಿಯನ್ ಸಂಸತ್ತಿಗೆ ಆಯ್ಕೆಯಾದರು. 2018ರಲ್ಲಿ ರಿಫಾರ್ಮ್ ಪಕ್ಷದ ನಾಯಕಿ. ಮರುವರ್ಷದ ಚುನಾವಣೆಯಲ್ಲಿ 101 ಸ್ಥಾನಗಳ ಪೈಕಿ 34 ಗೆದ್ದು ಅವರದ್ದೇ ದೊಡ್ಡ ಪಕ್ಷವಾಯಿತು. ಅಧಿಕಾರ ಮಾತ್ರ ಸಿಗಲಿಲ್ಲ. ಎರಡನೇ ಸ್ಥಾನದಲ್ಲಿದ್ದ ಯೂರಿ ರಾತಾಸ್, ಕಟ್ಟಾ ಬಲಪಂಥೀಯರನ್ನೂ ಸೇರಿಸಿಕೊಂಡು 57 ಸದಸ್ಯರ ಕೂಟ ಕಟ್ಟಿಬಿಟ್ಟರು. 2021ರ ಜನವರಿಯಲ್ಲಿ ಭ್ರಷ್ಟಾಚಾರದ ತನಿಖೆಯ ಬಿಸಿಗೆ ರಾತಾಸ್ ರಾಜೀನಾಮೆ ಕೊಟ್ಟಾಗ, ಕಲ್ಲಾಸ್ ದೇಶದ ಮೊದಲ ಮಹಿಳಾ ಪ್ರಧಾನಿಯಾದರು.

2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದಾಗ ಅವರ ದನಿ ಯುರೋಪಿನಾದ್ಯಂತ ಕೇಳಿಸಿತು. ಉಕ್ರೇನಿಗೆ ಶಸ್ತ್ರ ಕೊಡಿ, ರಷ್ಯಾ ಜೊತೆಗಿನ ವ್ಯಾಪಾರ ನಿಲ್ಲಿಸಿ ಎಂದರು. 2023ರ ಚುನಾವಣೆಯಲ್ಲಿ ಪಕ್ಷದ ಸ್ಥಾನ 37ಕ್ಕೇರಿತು.

ಅದೇ ವರ್ಷ ಆಗಸ್ಟಿನಲ್ಲಿ ಬಾಂಬ್ ಸಿಡಿಯಿತು. ಅವರ ಪತಿ ಪಾಲುದಾರರಾಗಿದ್ದ ಸಾಗಣೆ ಕಂಪನಿಯೊಂದು ಯುದ್ಧ ಶುರುವಾದ ಮೇಲೂ ರಷ್ಯಾಕ್ಕೆ ಸರಕು ಸಾಗಿಸಿತ್ತು! ಎಸ್ಟೋನಿಯಾದ ಗ್ರಾಹಕನೊಬ್ಬ ರಷ್ಯಾದಲ್ಲಿ ವ್ಯವಹಾರ ಮುಗಿಸಲು ನೆರವಾಗಿದ್ದೇವೆ, ನಿರ್ಬಂಧ ಉಲ್ಲಂಘಿಸಿಲ್ಲ ಎಂಬ ಸಮಜಾಯಿಷಿ ಬಂತು. ಪತಿಯ ವ್ಯವಹಾರದ ವಿವರ ತನಗೆ ಗೊತ್ತಿರಲಿಲ್ಲ ಎಂದರು ಕಲ್ಲಾಸ್. ಪತಿ ತಮ್ಮ ಪಾಲು ಮಾರಿದರು. ಪ್ರಧಾನಿ ಕುರ್ಚಿ ಬಿಡಲಿಲ್ಲ.

ವಕೀಲರ ವಾದವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಕಲ್ಲಾಸ್ ಜನರ ಮುಂದೆ ಇಟ್ಟಿದ್ದು ಬರೀ ಕಾನೂನಿನ ಅಳತೆಗೋಲಲ್ಲವಲ್ಲ? ಕಾನೂನು ಬಿಟ್ಟರೂ ನೀತಿ ಬಿಡದು ಎಂದು ಇಡೀ ಯುರೋಪಿಗೆ ಪಾಠ ಹೇಳಿದವರು, ಮನೆ ಬಾಗಿಲಿಗೆ ಬಂದಾಗ ಸೆಕ್ಷನ್ ಹಿಂದೆ ನಿಂತರು. ಜನರಿಗೆ ನೋವಾಗಿದ್ದು ಅಲ್ಲೇ ಅಂತ ನನಗನ್ನಿಸುತ್ತದೆ.

ಇದರಿಂದ ಅವರು ರಷ್ಯಾ ಬಗ್ಗೆ ಹೇಳಿದ್ದು ಸುಳ್ಳಾಗುವುದಿಲ್ಲ. 2024ರ ಫೆಬ್ರವರಿಯಲ್ಲಿ, ಸೋವಿಯತ್ ಸ್ಮಾರಕ ತೆರವಿನ ನೆಪದಲ್ಲಿ ರಷ್ಯಾ ಅವರನ್ನು 'ಬೇಕಾದವರ' ಪಟ್ಟಿಗೆ ಸೇರಿಸಿತು. ಅದೇ ವರ್ಷ ಜುಲೈನಲ್ಲಿ ಪ್ರಧಾನಿ ಹುದ್ದೆ ಬಿಟ್ಟು, ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ವಿದೇಶಾಂಗ ನೀತಿಯ ಮುಖ್ಯಸ್ಥೆಯಾದರು. ಸಣ್ಣ ದೇಶದ ವಕೀಲೆಗೆ ಇದು ಸಣ್ಣ ಏರಿಕೆಯಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಕಾನೂನು ಎಂಬುದು ಆಳುವವರು ಇಳಿಯಬಾರದ ಕೊನೆಯ ಮೆಟ್ಟಿಲು. ಅಲ್ಲಿ ನಿಂತಿದ್ದೇನೆ ಅನ್ನುವುದು ಹೆಮ್ಮೆಯ ವಿಷಯ ಹೇಗಾದೀತು?