ಚುಟ್ಟಾ ಕಟ್ಟುವ ಮನೆಯಿಂದ ಟೊಮೆಟೊ ತೋಟಕ್ಕೆ: ನಡುವೆ ಕೈ ತೊಳೆದಿರಾ?

ಈ ವಾರ ಗೊಬ್ಬರ, ಕಷಾಯ ಎಲ್ಲ ಬದಿಗಿಟ್ಟು ಒಂದು ತಿರುಗಾಟದ ಕಥೆ ಹೇಳ್ತೇನೆ. ಕೊನೆಗೆ ಬಂದು ನಿಲ್ಲುವುದು ಮೆಣಸಿನ ಸಸಿಯ ಹತ್ತಿರವೇ. ಹಾಗಾಗಿ ಅರ್ಧಕ್ಕೆ ಬಿಡಬೇಡಿ.

2019ರ ಜನವರಿ. ಅಡಿಕೆ ಕೊಯ್ಲನ್ನು ಅಣ್ಣನ ತಲೆಗೆ ಕಟ್ಟಿ, ಬೆನ್ನಿಗೊಂದು ಚೀಲ ಏರಿಸಿಕೊಂಡು ಮ್ಯಾನ್ಮಾರಿಗೆ ಹೋಗಿದ್ದೆ. ನಮ್ಮ ಅಜ್ಜಂದಿರ ಬಾಯಲ್ಲಿ ಅದು ಬರ್ಮಾ. ಅಲ್ಲಿನ ಶಾನ್ ರಾಜ್ಯದ ಕಲಾವ್ ಎಂಬ ಊರಿಂದ ಇನ್ಲೆ ಸರೋವರದ ತನಕ ಬೆಟ್ಟದ ಹಳ್ಳಿಗಳ ನಡುವೆ ಮೂರು ದಿನ ನಡಿಗೆ. ಎರಡನೇ ದಿನ ದಾರಿ ಬದಿಯಲ್ಲಿ ಒಂದು ಮರ ಕಂಡಿತು. ಅಗಲ ಎಲೆ, ಒರಟು ಮೈ. ಎಲ್ಲೋ ನೋಡಿದ್ದೇನಲ್ಲ ಅನಿಸಿತು. ನಮ್ಮ ಗೈಡ್ ಹುಡುಗ, "ಇದು ತನಾಫೆ, ಚುಟ್ಟಾ ಸುತ್ತುವ ಎಲೆ" ಅಂದ. ಹತ್ತಿರ ಹೋಗಿ ನೋಡಿದರೆ ನಮ್ಮ ಚಳ್ಳೆ ಮರ ಮಾರ್ರೆ! ಕಾರ್ಡಿಯಾ ಡೈಕೊಟೊಮಾ. ನಾವು ಅದರ ಕಾಯಿಯನ್ನು ಉಪ್ಪಿನಕಾಯಿ ಹಾಕ್ತೇವೆ, ಚಿಕ್ಕವರಿದ್ದಾಗ ಹಣ್ಣಿನ ಅಂಟಿನಿಂದ ಪಟ್ಟಿ ಪುಸ್ತಕ ಅಂಟಿಸಿದ್ದೇವೆ. ಎಲೆಯನ್ನು ಮಾತ್ರ ಯಾರೂ ಕ್ಯಾರೇ ಅನ್ನುವುದಿಲ್ಲ. ಅಲ್ಲಿನ ಬೆಟ್ಟದ ರೈತರು ಎಲೆಗೋಸ್ಕರವೇ ಈ ಮರ ಬೆಳೆಸುತ್ತಾರೆ. ಕೊಯ್ದ ಎಲೆಯನ್ನು ಬಿಸಿಯಲ್ಲಿ ಒತ್ತಿ, ಚಪ್ಪಟೆ ಮಾಡಿ, ಒಣಗಿಸಿ, ಕಟ್ಟು ಕಟ್ಟಿ ಮಾರುತ್ತಾರೆ.

ಇನ್ಲೆ ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರದಲ್ಲಿರುವ ಸರೋವರ. ಒಂದು ಕಾಲಿಂದ ಹುಟ್ಟು ಹಾಕುವ ಇಂಥಾ ಜನಾಂಗದ ದೋಣಿಯವರ ಫೋಟೋ ನೀವು ನೋಡಿರಬಹುದು. ಹಳ್ಳಿಗಳು ನೀರಿನ ಮೇಲೆಯೇ, ಕಂಬದ ಮೇಲೆ ನಿಂತಿವೆ. ಅದರಲ್ಲಿ ನಾಂಪಾನ್ ಅನ್ನುವ ಊರು ಚುಟ್ಟಾಕ್ಕೆ ಹೆಸರುವಾಸಿ.

ದೋಣಿಯಿಂದ ಏಣಿ ಹತ್ತಿ ಒಳಗೆ ಹೋದರೆ ಮರದ ನೆಲದ ಮೇಲೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಮಡಿಲಲ್ಲೂ ಒಂದೊಂದು ತಟ್ಟೆ. ಎಡಕ್ಕೆ ಎಲೆ ಕಟ್ಟು, ಬಲಕ್ಕೆ ಹೊಗೆಸೊಪ್ಪಿನ ಪುಡಿ, ಕತ್ತರಿ, ಅಂಟನ್ನದ ಗೋಂದು. ನನಗೆ ಅದು ಬೇರೆ ದೇಶ ಅಂತ ಅನಿಸಲೇ ಇಲ್ಲ. ನಮ್ಮ ಬಂಟ್ವಾಳ ಕಡೆ ಯಾವ ಮನೆಯ ಜಗಲಿಗೆ ಹೋದರೂ ಮೊದಲು ಹೀಗೇ ಇತ್ತು. ಎಲೆ ಬೇರೆ ಅಷ್ಟೆ. ನಾನು ಪಿಯುಸಿಯವರೆಗೆ ಓದಿದ್ದು ನಮ್ಮ ಚಿಕ್ಕಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ.

ಅಲ್ಲಿ ಕೆಲಸ ಹೀಗೆ. ಜೋಳದ ಸಿಪ್ಪೆಯನ್ನು ಹಳೆ ಪೇಪರಿನಲ್ಲಿ ಸುತ್ತಿ ಬೆರಳುದ್ದದ ಫಿಲ್ಟರ್ ಮಾಡಿಟ್ಟಿರುತ್ತಾರೆ. ಚಳ್ಳೆ ಎಲೆ ಹಾಸಿ, ಮೇಲೆ ಹೊಗೆಸೊಪ್ಪು ಹರಡಿ, ತುದಿಗೆ ಫಿಲ್ಟರ್ ಇಟ್ಟು ಸುರುಟುವುದು, ಗೋಂದು ಸವರುವುದು, ಕತ್ತರಿಯಲ್ಲಿ ಎರಡೂ ತುದಿ ಸರಿಮಾಡುವುದು. ಹೇಳುವಷ್ಟು ಹೊತ್ತೂ ಹಿಡಿಯುವುದಿಲ್ಲ. ಸಿಗಾರ್ ಅಂದರೆ ಕ್ಯೂಬಾದ್ದು ನೆನಪಾಗುತ್ತದಲ್ಲ, ಅದಕ್ಕೆ ಒಳಗೂ ಹೊರಗೂ ಹೊಗೆಸೊಪ್ಪೇ. ಇದು ಹಾಗಲ್ಲ, ಹೊರಗಿನ ಹೊದಿಕೆ ಮರದ ಎಲೆ. ಇಂಗ್ಲಿಷಿನವರು ಇದನ್ನು ಚೆರೂಟ್ ಅನ್ನುತ್ತಾರೆ. ಆ ಪದ ಹೋಗಿದ್ದು ತಮಿಳಿನ 'ಸುರುಟ್ಟು'ವಿನಿಂದ. ನಮ್ಮ 'ಸುರುಟು'ವಿಗೆ ಅಣ್ಣನೋ ತಮ್ಮನೋ ಆಗಬೇಕು.

ಒಂದು ಖಾರದ್ದು, ಒಂದು ಸಿಹಿಯದ್ದು. ಸಿಹಿಯದ್ದಕ್ಕೆ ಹುಣಸೆ, ಬೆಲ್ಲ, ಚಕ್ರಮೊಗ್ಗು, ಜೇನು ಸೇರಿಸುತ್ತಾರೆ. ಪಾಯಸದ ವಾಸನೆ! ಆದರೆ ಅರ್ಧ ಗಂಟೆ ಕೂತರೆ ಗಂಟಲು ಕೆರೆಯಲು ಶುರು. ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಸೆರಗಿನಂಥ ಬಟ್ಟೆಗೆ ಬಾಯಿ ಒತ್ತಿ ಕೆಮ್ಮಿದಾಗ ಚಿಕ್ಕಮ್ಮನೇ ಕೆಮ್ಮಿದ ಹಾಗಾಯಿತು. ಕೂಲಿಯೂ ನಮ್ಮ ಬೀಡಿಯ ಹಾಗೆಯೇ, ಇಷ್ಟು ಕಟ್ಟಿದರೆ ಇಷ್ಟು. ಗೈಡ್ ಹುಡುಗನ ಮೂಲಕ, "ಮಗಳಿಗೂ ಕಲಿಸ್ತೀರಾ?" ಅಂತ ಕೇಳಿದೆ. ಆಕೆ ತಲೆಯಾಡಿಸಿದರು. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ, ಅವನೂ ಅನುವಾದ ಮಾಡಲಿಲ್ಲ.

ನನಗೂ ಒಂದು ಕಟ್ಟಲು ಕೊಟ್ಟರು. ಬೀಡಿ ಕಟ್ಟುವ ಮನೆಯಲ್ಲಿ ಬೆಳೆದವನು ಎಂಬ ಜಂಬದಲ್ಲಿ ಕೂತೆ. ಎಲೆ ಹರಿಯಿತು, ಎಲ್ಲರೂ ನಕ್ಕರು.

ಅಲ್ಲಿಂದ ದೋಣಿ ಹೋಗಿದ್ದು ತೇಲುವ ತೋಟಕ್ಕೆ. ಅಂತರಗಂಗೆಯ ಹಾಗಿನ ನೀರಕಳೆ, ಕೆರೆಯ ಪಾಚಿ, ಕೆಸರು ಸೇರಿಸಿದ ಉದ್ದುದ್ದ ಮಡಿ. ತೇಲಿ ಹೋಗದಂತೆ ಬಿದಿರಿನ ಗಳ ಚುಚ್ಚಿರುತ್ತಾರೆ. ಬೆಳೆ ಮುಖ್ಯವಾಗಿ ಟೊಮೆಟೊ. ನೋಡಲು ಚಂದ. ನಾನಂತೂ ಪೂರ್ತಿ ಸಾವಯವ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ದೋಣಿಯೊಳಗೆ ಔಷಧದ ಖಾಲಿ ಬಾಟಲಿ. ರಾಸಾಯನಿಕದಿಂದ ಕೆರೆ ಕೆಡುತ್ತಿರುವುದು ಅಲ್ಲಿ ದೊಡ್ಡ ಚರ್ಚೆಯೇ.

ದೋಣಿ ಮಡಿಗೆ ತಾಗಿ ನಿಂತಿತು. ಅಭ್ಯಾಸಬಲ, ಕೈ ತನ್ನಷ್ಟಕ್ಕೆ ಒಂದು ಕುಡಿಯ ಕಡೆ ಹೋಯಿತು, ಪಕ್ಕದ ಚಿಗುರು ಚಿವುಟಲು. ಬೆರಳ ತುದಿ ಕಂದು ಬಣ್ಣ, ಹೊಗೆಸೊಪ್ಪಿನ ವಾಸನೆ. ತಟ್ಟನೆ ಕೈ ಹಿಂದೆಗೆದೆ.

ಯಾಕೆ ಅಂದ್ರೆ, ಟೊಬ್ಯಾಕೊ ಮೊಸಾಯಿಕ್ ವೈರಸ್. ಬಿಎಸ್ಸಿ ತೋಟಗಾರಿಕೆಯಲ್ಲಿ ಅದರ ಬಗ್ಗೆ ಎರಡು ಪುಟ ಬರೆದು ಅಂಕ ತಗೊಂಡವನು ನಾನು. ಜಗತ್ತಿನಲ್ಲಿ ಮೊದಲು ಪತ್ತೆಯಾದ ವೈರಸ್ಸೇ ಅದು, 1890ರ ದಶಕದಲ್ಲಿ. ಒಣಗಿದ ಹೊಗೆಸೊಪ್ಪಿನಲ್ಲೂ ವರ್ಷಗಟ್ಟಲೆ ಸೋಂಕು ಹಚ್ಚುವ ಶಕ್ತಿ ಉಳಿಸಿಕೊಳ್ಳುತ್ತದೆ. ಹರಡಲು ನುಸಿ, ಹೇನು ಯಾವುದೂ ಬೇಡ. ಕೈ, ಕತ್ತರಿ, ಬಟ್ಟೆ ಸಾಕು. ಗಿಡಕ್ಕೆ ಒಂದು ಸಣ್ಣ ಗಾಯ ಆದರೆ ಒಳಗೆ ಹೋಯಿತು. ಟೊಮೆಟೊ, ಮೆಣಸು, ದೊಣ್ಣೆಮೆಣಸು, ಬದನೆ ಎಲ್ಲವೂ ಹೊಗೆಸೊಪ್ಪಿನ ದಾಯಾದಿಗಳೇ.

ಆಗ ನೆನಪಾಗಿದ್ದು 2017ರ ಮಳೆಗಾಲ. ನಾನು ಸಸಿ ಮಾರಲು ಶುರು ಮಾಡಿದ ಮೊದಲ ವರ್ಷ. ಪ್ರೋಟ್ರೇಯಲ್ಲಿದ್ದ ಮೆಣಸಿನ ಸಸಿಗಳ ಎಲೆಯಲ್ಲಿ ತಿಳಿಹಸಿರು, ಕಡುಹಸಿರು ಮಚ್ಚೆ ಬಂತು. ಎಲೆ ಸೊಟ್ಟಗಾಯಿತು, ಬೆಳವಣಿಗೆ ನಿಂತಿತು. ತಗೊಂಡು ಹೋದವರು ಬೈದರು, ಕೆಲವರು ದುಡ್ಡು ವಾಪಸ್ ಕೇಳಿದರು. ಬೀಜದ್ದೇ ದೋಷ ಅಂತ ನಾನು ಅಂಗಡಿಯವರ ಜೊತೆ ಜಗಳ ಆಡಿ ಬಂದೆ. ಆ ಸಸಿಗಳನ್ನು ಒಂದು ಗುಂಡಿಯಿಂದ ಬಿಡಿಸಿ ಇನ್ನೊಂದಕ್ಕೆ ಕೂರಿಸುತ್ತಿದ್ದವರು ಯಾರು? ಚಿಕ್ಕಮ್ಮ. ಜಗಲಿಯಲ್ಲಿ ಬೀಡಿ ಕಟ್ಟುತ್ತಾ, ನಡುನಡುವೆ ಎದ್ದು ಬಂದು, ಅದೇ ಕೈಯಲ್ಲಿ, ನನಗೊಂದು ಸಹಾಯ ಆಗಲಿ ಅಂತ.

ಲ್ಯಾಬ್‌ಗೆ ಕಳಿಸಿರಲಿಲ್ಲ, ಹಾಗಾಗಿ ಅದೇ ಕಾರಣ ಅಂತ ಆಣೆ ಹಾಕಲಾರೆ. ಬೀಜದಲ್ಲೇ ಬಂದಿರಲೂಬಹುದು, ಈ ವೈರಸ್ ಬೀಜದ ಸಿಪ್ಪೆಯ ಮೇಲೂ ಬರುತ್ತದೆ. ಆದರೆ ಅಂಗಡಿಯವರ ಹತ್ತಿರ ಕೂಗಾಡುವ ಮೊದಲು ನನ್ನ ಜಗಲಿ ನೋಡಬೇಕಿತ್ತು.

ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಬೀಡಿ ಕಟ್ಟುವವರು, ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರು ಇದ್ದಾರೆ. ಹುಣಸೂರು, ಪಿರಿಯಾಪಟ್ಟಣ ಕಡೆಯವರಾದರೆ ಹೊಗೆಸೊಪ್ಪೇ ಬೆಳೆ. ಸಸಿ ಮಡಿಗೆ ಹೋಗುವ ಮುಂಚೆ ಸೋಪು ಹಾಕಿ ಕೈ ಚೆನ್ನಾಗಿ ತೊಳೆಯಿರಿ, ಉಗುರಿನ ಸಂದಿ ಸಹ. ಬರೀ ನೀರು ಸಾಲದು. ಸಸಿ ಬಿಡಿಸುವಾಗ, ಕುಡಿ ಚಿವುಟುವಾಗ ಒಂದು ಲೀಟರ್ ನೀರಿಗೆ 200 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿಟ್ಟು, ಆಗಾಗ ಕೈ, ಕತ್ತರಿ ಅದ್ದಿಕೊಳ್ಳಿ. ಹಾಲಿನ ಪ್ರೋಟೀನ್ ವೈರಸ್ಸನ್ನು ಕಟ್ಟಿಹಾಕುತ್ತದೆ. ಮಚ್ಚೆ ಕಂಡ ಸಸಿಗೆ ಔಷಧ ಇಲ್ಲ, ಕಿತ್ತು ಸುಡುವುದೇ. ಇನ್ನೊಂದು, ನಮ್ಮ ಸಾವಯವದವರಿಗೆ: ಹೊಗೆಸೊಪ್ಪು ನೆನೆಸಿದ ನೀರನ್ನು ಹಾಗೇ ಮೆಣಸು, ಟೊಮೆಟೊಗೆ ಹೊಡೆಯಬೇಡಿ. ಅಗ್ನಿಅಸ್ತ್ರದ ಹಾಗೆ ಚೆನ್ನಾಗಿ ಕುದಿಸಿದ್ದಾದರೆ ಬೇರೆ ಮಾತು. ಈ ವೈರಸ್ ಸಾಯಲು 90 ಡಿಗ್ರಿಗಿಂತ ಮೇಲಿನ ಬಿಸಿ ಹತ್ತು ನಿಮಿಷವಾದರೂ ಬೇಕು. ಹಾಗಂತ ಮೆಣಸಿನ ಎಲ್ಲ ಮುರುಟಿಗೂ ಹೊಗೆಸೊಪ್ಪನ್ನು ಬೈಯಬೇಡಿ. ನಮ್ಮಲ್ಲಿ ಹೆಚ್ಚಿನದು ಥ್ರಿಪ್ಸ್, ನುಸಿ, ಬಿಳಿನೊಣದ ಕೆಲಸ.

ಊರಿಗೆ ಬಂದು ಚಿಕ್ಕಮ್ಮನಿಗೆ ಹೇಗೆ ಹೇಳುವುದು ಅಂತ ಎರಡು ದಿನ ಸುಮ್ಮನಿದ್ದೆ. ಹೇಳಿದಾಗ, "ಈ ಕೈಯಿಂದ ನಿನಗೆ ಅನ್ನ ಹಾಕಿದ್ದಲ್ಲವಾ ಮಗ, ಆಗ ಎಂತ ಆಗಲಿಲ್ಲ" ಅಂದರು. ಅದು ಮನುಷ್ಯರಿಗಲ್ಲ, ಗಿಡಕ್ಕೆ ಬರುವ ರೋಗ ಅಂತ ವಿವರಿಸಲು ಹೋದೆ. ಅವರು ಎದ್ದು ಒಳಗೆ ಹೋದರು. ಮಾರನೇ ದಿನ ನರ್ಸರಿಯ ನಲ್ಲಿ ಹತ್ತಿರ ಒಂದು ಸೋಪಿನ ತುಂಡು, ತೆಂಗಿನ ನಾರು ಇಟ್ಟಿತ್ತು.

2021ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 2025ರ ಮಾರ್ಚ್ 28ರ ಭೂಕಂಪದಲ್ಲಿ ಇನ್ಲೆಯ ಕಂಬದ ಮನೆಗಳು ಎಷ್ಟೋ ನೀರಿಗೆ ಕುಸಿದವು. ವಿಡಿಯೋಗಳಲ್ಲಿ ಆ ಏಣಿ, ಆ ಮರದ ನೆಲ ಹುಡುಕಿದೆ, ಗುರುತು ಸಿಗಲಿಲ್ಲ. ಆ ಗೈಡ್ ಹುಡುಗನ ನಂಬರಿಗೂ ಮೆಸೇಜು ಹೋಗುವುದಿಲ್ಲ.

ಚಿಕ್ಕಮ್ಮ ಈಗ ಬೀಡಿ ಬಿಟ್ಟಿದ್ದಾರೆ, ಕೆಮ್ಮು ಬಿಟ್ಟಿಲ್ಲ. ನರ್ಸರಿಗೆ ಕೆಲಸಕ್ಕೆ ಬರುವವರು ಸೋಪು ಮುಟ್ಟದೆ ಒಳಗೆ ಕಾಲಿಟ್ಟರೆ ನನಗಿಂತ ಮೊದಲು ಅವರದ್ದೇ ಸ್ವರ ಕೇಳುತ್ತದೆ.