ಮೊದಲು ಗುರುತು, ಆಮೇಲೆ ಮದ್ದು

ನಮ್ಮ ನಾನಿಯ ಊರು ಶಿಕಾರಿಪುರದ ಕಡೆ. ಕಳೆದ ವರ್ಷ ಬಕ್ರೀದ್ ಮುಗಿದ ಮೇಲೆ ನಾಲ್ಕು ದಿನ ಅಲ್ಲೇ ಉಳಿದಿದ್ದೆ. ಮಳೆ ಬಂದು ಗದ್ದೆಯ ಬದುವೆಲ್ಲ ಹಸಿರಾಗಿತ್ತು. "ಹೋಗಿ ಒಂದು ಹಿಡಿ ಭಂಗ್ರಾ ಕಿತ್ತುಕೊಂಡು ಬಾ, ತಲೆಗೆ ಎಣ್ಣೆ ಕಾಯಿಸ್ತೀನಿ" ಎಂದು ನಾನಿ ಕಳಿಸಿದರು. ನಾನು ಜಂಬದಿಂದ ಒಂದು ಚೀಲ ತುಂಬ ಕಿತ್ತು ತಂದೆ. ನಾನಿ ನೋಡಿ ನಕ್ಕು, ಅಷ್ಟನ್ನೂ ಹಿತ್ತಲಿಗೆ ಎಸೆದರು. ಅದು ಭಂಗ್ರಾ ಆಗಿರಲಿಲ್ಲ, ದಾರಿ ಬದಿಯಲ್ಲಿ ಬೆಳೆಯುವ ಟ್ರೈಡಾಕ್ಸ್ ಎಂಬ ಕಳೆ!

ಅಂದಿನಿಂದ ನನ್ನ ಪಾಠ ಶುರುವಾಯಿತು. ನಾನು ವಾಣಿಜ್ಯ ವಿಭಾಗದವನು, ಗಿಡಗಳ ಬಗ್ಗೆ ಹತ್ತನೇ ತರಗತಿಯಲ್ಲಿ ಓದಿದ್ದಷ್ಟೇ ಗೊತ್ತು. ಆದರೂ ಒಂದು ವರ್ಷದಲ್ಲಿ ನಾಲ್ಕು ಗಿಡಗಳನ್ನು ಸರಿಯಾಗಿ ಗುರುತಿಸಲು ಕಲಿತಿದ್ದೇನೆ. ಅವು ನಿಮ್ಮ ಮನೆಯ ಹತ್ತಿರವೂ ಇರಬಹುದು.

ಮೊದಲನೆಯದು ಅದೇ ಭಂಗ್ರಾ. ಕನ್ನಡದಲ್ಲಿ ಗರುಗದ ಸೊಪ್ಪು, ಪುಸ್ತಕಗಳಲ್ಲಿ ಭೃಂಗರಾಜ. ನೀರು ನಿಲ್ಲುವ ಕಡೆ ಬೆಳೆಯುತ್ತದೆ. ಎಲೆ ಒರಟು, ಹೂವು ಚಿಕ್ಕದು, ಬಿಳಿ. ಟ್ರೈಡಾಕ್ಸ್ ಹೂವಿನ ನಡುವೆ ಹಳದಿ ಇರುತ್ತದೆ, ಹೂವು ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ನಿಂತಿರುತ್ತದೆ. ಅನುಮಾನ ಬಂದರೆ ನಾನಿ ಹೇಳಿಕೊಟ್ಟ ಪರೀಕ್ಷೆ ಮಾಡಿ: ಗರುಗದ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಸ್ವಲ್ಪ ಹೊತ್ತಿನಲ್ಲಿ ರಸ ಕಪ್ಪಾಗುತ್ತದೆ. ಈ ರಸವನ್ನು ಕೊಬ್ಬರಿ ಎಣ್ಣೆಗೆ ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಸದ್ದು ಇದೆ ಎಂದರೆ ನೀರು ಉಳಿದಿದೆ ಎಂದರ್ಥ. ನೀರು ಉಳಿದ ಎಣ್ಣೆ ಬೇಗ ಕೆಡುತ್ತದೆ.

ಎರಡನೆಯದು ಒಂದೆಲಗ. ಒಂದು ತೊಟ್ಟಿಗೆ ಒಂದೇ ಎಲೆ, ಆಕಾರ ಮೂತ್ರಪಿಂಡದಂತೆ. ಬಳ್ಳಿ ನೆಲದ ಮೇಲೆ ಹರಿದು ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಇದರ ತಂಬುಳಿ ಮಾಡುವುದನ್ನು ನಮ್ಮ ಮನೆಯವರು ಕಲಿತದ್ದು ಪಕ್ಕದ ಮನೆಯ ಅಜ್ಜಿಯಿಂದ. ಎಲೆ, ಜೀರಿಗೆ, ಕಾಳುಮೆಣಸನ್ನು ಸ್ವಲ್ಪ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಕೆಲವರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಆದರೆ ನೀರುಬ್ರಾಹ್ಮಿ ಎಂಬ ಇನ್ನೊಂದು ಗಿಡವಿದೆ. ಅದರ ಎಲೆ ಚಿಕ್ಕದು, ದಪ್ಪ. ಒಂದು ಗಿಡಕ್ಕೆ ಮೂರು ಹೆಸರು, ಒಂದು ಹೆಸರಿಗೆ ಎರಡು ಗಿಡ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಮಾತನಾಡುವ ನನ್ನಂಥವರಿಗಂತೂ ಇದು ದೊಡ್ಡ ಗೊಂದಲ.

ಮೂರನೆಯದು ಆಡುಸೋಗೆ, ನಮ್ಮ ಮನೆಯಲ್ಲಿ ಅಡೂಸಾ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಇದರ ವಾಸನೆಗೆ ಆಡು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಬೇಲಿಗೆ ಹಾಕುತ್ತಾರೆ. ಕೆಮ್ಮಿಗೆ ಇದರ ಕಷಾಯ ಹಳೆಯ ಮದ್ದು. ಕಫ ಸಡಿಲಿಸಲು ಸಿರಪ್‌ಗಳಲ್ಲಿ ಬಳಸುವ ಬ್ರೋಮ್‌ಹೆಕ್ಸಿನ್ ಈ ಗಿಡದಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಅಧ್ಯಯನದಿಂದಲೇ ಹುಟ್ಟಿದ್ದು. ಆದರೆ ಗರ್ಭಿಣಿಯರು ಆಡುಸೋಗೆಯನ್ನು ಸೇವಿಸಬಾರದು.

ನಾಲ್ಕನೆಯದು ನೆಲನೆಲ್ಲಿ, ಉರ್ದುವಿನಲ್ಲಿ ಭುಯಿ ಆಮ್ಲಾ. ಗೇಣುದ್ದದ ಗಿಡ, ಎಲೆ ನೆಲ್ಲಿಯ ಎಲೆಯಂತೆ. ಕಡ್ಡಿಯನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿಗಳ ಸಾಲು ಕಾಣುತ್ತದೆ. ಕೆಂಪು ಕಾಂಡದ ಇನ್ನೊಂದು ಜಾತಿಯೂ ಇದೆ. ಕಾಮಾಲೆಗೆ, ಅಂದರೆ ನಾವು ಯರ್ಖಾನ್ ಎನ್ನುವ ಕಾಯಿಲೆಗೆ, ಹಳ್ಳಿಗಳಲ್ಲಿ ಮೊದಲು ನೆನಪಾಗುವ ಗಿಡ ಇದೇ.

ನಾನು ಈ ಲೇಖನ ಬರೆಯಲು ಕಾರಣವೂ ಇದೇ ಗಿಡ. ಆಗಸ್ಟ್ ತಿಂಗಳಲ್ಲಿ ನಮ್ಮ ಮಾಮೂಗೆ ಕಣ್ಣು ಹಳದಿಯಾಯಿತು. ನಾನಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಕಿತ್ತು ತಂದವನು ನಾನೇ. ಗಿಡ ಸರಿಯಾಗಿತ್ತು, ನನಗೆ ಹೆಮ್ಮೆ. ಜೊತೆಗೆ ಕಟ್ಟುನಿಟ್ಟಿನ ಪಥ್ಯ. ಐದನೇ ದಿನ ಮಾಮೂ ಕುಡಿದ ನೀರೂ ನಿಲ್ಲದೆ ವಾಂತಿಯಾಯಿತು. ರಾತ್ರಿ ಮಂಪರಿನಲ್ಲಿ ಸಂಬಂಧವಿಲ್ಲದ ಮಾತಾಡಲು ಶುರು ಮಾಡಿದರು. ಬಾಡಿಗೆ ಗಾಡಿ ಮಾಡಿ ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ಒಂಬತ್ತು ದಿನ ಅಲ್ಲಿದ್ದು ಉಳಿದು ಬಂದರು, ಅಲ್‌ಹಮ್ದುಲಿಲ್ಲಾಹ್.

ಅಲ್ಲಿನ ವೈದ್ಯರು ನಮಗೆ ಬೈಯಲಿಲ್ಲ, ವಿವರಿಸಿದರು. ಕಾಮಾಲೆ ಒಂದೇ ರೋಗವಲ್ಲ, ಲಕ್ಷಣ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ರಕ್ತದಿಂದ ಹರಡುವ ಹೆಪಟೈಟಿಸ್ ಬಿ, ಪಿತ್ತಕೋಶದ ಕಲ್ಲು, ಎಲ್ಲದರಲ್ಲೂ ಕಣ್ಣು ಹಳದಿಯಾಗುತ್ತದೆ. ಮಾಮೂಗೆ ಬಂದದ್ದು ಹೆಪಟೈಟಿಸ್ ಎ. ಅದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಕೆಲವೇ ಕೆಲವರಲ್ಲಿ ಯಕೃತ್ತು ಸೋಲಲು ಶುರುವಾಗುತ್ತದೆ. ಮಂಪರು, ತೊದಲುವಿಕೆ, ರಕ್ತಸ್ರಾವ ಅದರ ಸೂಚನೆ.

ಆಗ ನನಗೆ ಲೆಕ್ಕಶಾಸ್ತ್ರದ ತರಗತಿ ನೆನಪಾಯಿತು. ತಾನಾಗಿ ವಾಸಿಯಾದದ್ದನ್ನು ನಾವು ಸೊಪ್ಪಿನ ಖಾತೆಗೆ ಜಮೆ ಮಾಡುತ್ತಾ ಬಂದಿದ್ದೇವೆ. ವಾಸಿಯಾಗದವರ ಲೆಕ್ಕವನ್ನು ಯಾವ ಖಾತೆಗೂ ಬರೆಯುವುದಿಲ್ಲ. ಹೀಗಾದರೆ ತಾಳೆಪಟ್ಟಿ ಹೇಗೆ ಸರಿಹೋದೀತು?

ಹಾಗೆಂದು ಗಿಡಗಳಲ್ಲಿ ಮದ್ದೇ ಇಲ್ಲ ಎಂದಲ್ಲ. ಸರ್ಪಗಂಧದ ಬೇರಿನಿಂದ 1931ರಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಒಂದು ವಸ್ತುವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಮುಂದೆ ಅದು ಹೃದಯಬಡಿತದ ತೊಂದರೆಗೆ ಔಷಧವಾಯಿತು. ನೆಲನೆಲ್ಲಿಯನ್ನೂ ಪರೀಕ್ಷಿಸಿದ್ದಾರೆ. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಸೋಂಕಿನಲ್ಲಿ ಅದು ಒಳ್ಳೆಯ ಫಲ ಕೊಟ್ಟಿತೆಂದು ಬರೆದರು. ನಂತರ ಥಾಯ್ಲೆಂಡಿನಲ್ಲಿ ಪರೀಕ್ಷಿಸಿದಾಗ ಅಂಥ ಫಲ ಸಿಗಲಿಲ್ಲ. ಪರೀಕ್ಷೆ ಎಂದರೆ ಹೀಗೆ ಎರಡೂ ಕಡೆ ಬರೆದಿಡುವುದು.

ಈಗ ನಾನೂ ಒಂದು ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ನಾನು ಬರೆದುಕೊಂಡ ನಿಯಮಗಳು ಇವು:

1. ಗಿಡದ ಉರ್ದು ಹೆಸರು, ಕನ್ನಡ ಹೆಸರು, ಎಲೆ, ಹೂವು, ವಾಸನೆ, ಬೆಳೆದ ಜಾಗ, ಎಲ್ಲ ಬರೆಯಬೇಕು. ಒಂದು ತಾಳೆಯಾಗದಿದ್ದರೂ ಕೀಳಬಾರದು. ನನ್ನ ಪುಸ್ತಕವನ್ನು ನಮ್ಮ ಜೀವಶಾಸ್ತ್ರದ ಮೇಡಂ ನೋಡಿ ತಿದ್ದುತ್ತಾರೆ.

2. ರಸ್ತೆ ಬದಿ, ಚರಂಡಿ ಬದಿ, ಕಳೆನಾಶಕ ಹೊಡೆದ ಬದುವಿನಲ್ಲಿ ಕೀಳಬಾರದು. ತಂದದ್ದನ್ನು ಚೆನ್ನಾಗಿ ತೊಳೆಯಬೇಕು.

3. ಬೇರು ಸಮೇತ ಎಲ್ಲವನ್ನೂ ಕಿತ್ತರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ.

4. ಅಡುಗೆಗೆ, ತಲೆಯ ಎಣ್ಣೆಗೆ ಸೊಪ್ಪು ಸರಿ. ಮಕ್ಕಳಿಗೆ, ಗರ್ಭಿಣಿಯರಿಗೆ, ದಿನವೂ ಮಾತ್ರೆ ನುಂಗುವವರಿಗೆ ಮದ್ದಾಗಿ ಕೊಡುವ ಮೊದಲು ವೈದ್ಯರನ್ನು ಕೇಳಬೇಕು.

5. ಕಣ್ಣು ಹಳದಿ, ಮೂರು ದಿನ ಬಿಡದ ಜ್ವರ, ಉಸಿರಾಟದ ತೊಂದರೆ ಇದ್ದರೆ ಮೊದಲು ಆಸ್ಪತ್ರೆ. ಯುನಾನಿ ಬೇಕೆನ್ನುವವರಿಗೆ ಕಲಿತ ಯುನಾನಿ ವೈದ್ಯರೂ ಇದ್ದಾರೆ. ಬೆಂಗಳೂರಿನಲ್ಲೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ.

ಮಾಮೂ ಮನೆಗೆ ಬಂದ ಮೇಲೆ ನಾನಿ ಬಹಳ ದಿನ ಬದುವಿನ ಕಡೆ ಹೋಗಲಿಲ್ಲ. ಒಂದು ದಿನ ತಾವಾಗಿಯೇ ಹೇಳಿದರು, "ಸೊಪ್ಪು ತಪ್ಪಲ್ಲ ಮಗಾ, ನಾನು ಕಾದದ್ದು ತಪ್ಪು." ಈಗ ಯಾರಾದರೂ ಯರ್ಖಾನ್‌ಗೆ ಸೊಪ್ಪು ಕೇಳಿಕೊಂಡು ಬಂದರೆ ಅವರು ಮೊದಲು ಕೇಳುವ ಪ್ರಶ್ನೆ, "ರಕ್ತ ಪರೀಕ್ಷೆ ಮಾಡಿಸಿದ್ರಾ?"

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಗಿಡಗಳ ಹೆಸರು ಬಲ್ಲ ಹಿರಿಯರಿದ್ದರೆ ಈ ಮಳೆಗಾಲದಲ್ಲಿ ಒಮ್ಮೆ ಅವರ ಜೊತೆ ಹೊಲದ ಕಡೆ ಹೋಗಿ ಬನ್ನಿ. ಪುಸ್ತಕ ಮತ್ತು ಪೆನ್ನು ಮರೆಯಬೇಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ