ಕಾಳ್ಗಿಚ್ಚಿನ ಅನಂತರ: ಬಿಳಿಗಿರಿರಂಗನ ಕಾಡು ಮತ್ತು ಶಾಸನ

2019ರ ಫೆಬ್ರವರಿಯಲ್ಲಿ ಬಂಡೀಪುರ ರಾಷ್ಟ್ರೀಯ ಉದ್ಯಾನದ ಸಾವಿರಾರು ಎಕರೆ ಕಾಡು ಕಾಳ್ಗಿಚ್ಚಿಗೆ ತುತ್ತಾಯಿತು. ಇಂತಹ ಸಂದರ್ಭಗಳಲ್ಲಿ, ಸುಟ್ಟ ಕಾಡನ್ನು ತ್ವರೆಯಿಂದ ಪುನರುದ್ಧರಿಸಲು ಹೊಸ ಶಾಸನವೊಂದು ಬೇಕೆಂಬ ಮಾತು ಸಹಜವಾಗಿ ಏಳುತ್ತದೆ. ಅದೇ ಜಿಲ್ಲೆಯ ಯಳಂದೂರು, ಕೊಳ್ಳೇಗಾಲ ಸೀಮೆಗಳಲ್ಲಿ ಹಬ್ಬಿರುವ ಬಿಳಿಗಿರಿರಂಗನ ಬೆಟ್ಟದ ಅಭಯಾರಣ್ಯವನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸುವುದು ನಮ್ಮ ಉದ್ದೇಶ.

ಇಲ್ಲಿನ ಇಳಿಜಾರುಗಳಲ್ಲಿರುವುದು ಬಹುಮಟ್ಟಿಗೆ ಎಲೆಯುದುರುವ ಕಾಡು. ಮತ್ತಿ, ದಿಂಡಿಗ, ಹೊನ್ನೆ, ನೆಲ್ಲಿ ಮೊದಲಾದವು ಹಗುರವಾದ ಬೆಂಕಿಯನ್ನು ತಾಳಬಲ್ಲವು. ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತವೆ. ಆದುದರಿಂದ ಸಸಿ ನೆಡುವ ಆತುರಕ್ಕೆ ಇಲ್ಲಿ ಹೆಚ್ಚಿನ ಅರ್ಥವಿಲ್ಲ. ನಿಜವಾದ ಅಡ್ಡಿ, ಅಮೆರಿಕ ಖಂಡದಿಂದ ಬಂದ ಲಂಟಾನ. 1997ರಲ್ಲಿ ಈ ಅಭಯಾರಣ್ಯದ ಸಮೀಕ್ಷಾ ತಾಣಗಳ ಪೈಕಿ ಶೇಕಡಾ 41ರಲ್ಲಿ ಕಂಡ ಈ ಪೊದೆ, 2008ರ ವೇಳೆಗೆ ಶೇಕಡಾ 81ರಲ್ಲಿ ಕಾಣಿಸಿಕೊಂಡಿತು. ಬೆಂಕಿಯೇ ಲಂಟಾನವನ್ನು ಬೆಳೆಸುತ್ತದೆಂದು ಕೆಲವು ವಿಜ್ಞಾನಿಗಳು ಊಹಿಸಿದ್ದರು. ಬೆಟ್ಟದ ಸೋಲಿಗರು ಹೇಳುವುದು ಇದಕ್ಕೆ ವಿರುದ್ಧ: ಬೇಸಗೆಯ ಆರಂಭದಲ್ಲಿ ತಾವು ಹಚ್ಚುತ್ತಿದ್ದ 'ತರಗು ಬೆಂಕಿ' ಒಣಗಿದ ಎಲೆಯನ್ನಷ್ಟೇ ಸುಟ್ಟು, ಲಂಟಾನದ ಎಳೆಯ ಗಿಡಗಳನ್ನೂ ನೆಲ್ಲಿಯ ಬದನಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತು, ಅದು ನಿಂತ ಮೇಲೆ ಪೊದೆ ದಟ್ಟವಾಯಿತು. ಈಗ ಬೆಂಕಿ ಬಿದ್ದರೆ ಆ ಪೊದೆಗಳ ಮೂಲಕ ಮರದ ತಲೆಯವರೆಗೂ ಏರುತ್ತದೆ. ಹೀಗಿರಲು ಹಳೆಯ ಪದ್ಧತಿಯನ್ನು ಇದ್ದಕ್ಕಿದ್ದಂತೆ ಮರಳಿ ತರುವುದೂ ಅಪಾಯಕರ. ಮೊದಲು ಲಂಟಾನವನ್ನು ಬುಡಸಮೇತ ಕೀಳಬೇಕು.

ಕಿತ್ತುದನ್ನು ಏನು ಮಾಡಬೇಕು? ಶಾಸನದ ತೊಡಕು ಕಾಣುವುದು ಇಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 29ನೆಯ ಪ್ರಕರಣದಂತೆ ಅಭಯಾರಣ್ಯದಿಂದ ತೆಗೆದ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಬಳಸಬಹುದೇ ಹೊರತು ವಾಣಿಜ್ಯಕ್ಕಲ್ಲ. ಸತ್ತ, ಬಿದ್ದ ಮರಗಳನ್ನೂ ತೆಗೆಯಬಾರದೆಂದು ಸರ್ವೋಚ್ಚ ನ್ಯಾಯಾಲಯವು 2000ದ ಫೆಬ್ರವರಿಯಲ್ಲಿ ಆಜ್ಞಾಪಿಸಿತು. ಮರಗಳ್ಳತನವನ್ನು ತಡೆಯಲು ಇವು ಅಗತ್ಯವಾಗಿದ್ದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2006ರ ಅರಣ್ಯ ಹಕ್ಕುಗಳ ಕಾಯಿದೆಯು ಕಿರು ಅರಣ್ಯ ಉತ್ಪನ್ನದಲ್ಲಿ ಪೊದೆಕಟ್ಟಿಗೆಯನ್ನೂ ಬೊಡ್ಡೆಯನ್ನೂ ಸೇರಿಸಿ, ಅವುಗಳ ಮಾರಾಟದ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಟ್ಟಿತು. ಹನೂರು ತಾಲ್ಲೂಕಿನ ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಯಿಂದ ಪೀಠೋಪಕರಣಗಳನ್ನು ಹೆಣೆದಿರುವುದರಿಂದ, ಈ ಕೆಲಸ ಕೂಲಿಗೆ ಸಾಲದ ಕೆಲಸವೇನಲ್ಲ.

ಇದಕ್ಕಿಂತಲೂ ಮಹತ್ತ್ವದ್ದು, ಸಮುದಾಯದ ಕಾಡನ್ನು ರಕ್ಷಿಸುವ, ನಿರ್ವಹಿಸುವ, ಮತ್ತೆ ಬೆಳೆಸುವ ಹಕ್ಕನ್ನೂ ಅದೇ ಕಾಯಿದೆಯ 3ನೆಯ ಪ್ರಕರಣ ಹೇಳಿರುವುದು. ಬಿಳಿಗಿರಿಯ ಹಲವು ಗ್ರಾಮಸಭೆಗಳಿಗೆ 2011ರಲ್ಲಿ ಸಾಮುದಾಯಿಕ ಹಕ್ಕುಪತ್ರಗಳು ದೊರೆತುವು. ಅಭಯಾರಣ್ಯ ಹುಲಿ ಸಂರಕ್ಷಿತ ಪ್ರದೇಶವಾದುದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. 2022ರ ತಿದ್ದುಪಡಿಯು ಇಂತಹ ಅಭಯಾರಣ್ಯಗಳ ನಿರ್ವಹಣಾ ಯೋಜನೆಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕೆಂದು ವಿಧಿಸಿತು. ಇಷ್ಟಿರುವಾಗ ಹೊಸ ಶಾಸನ ಯಾವ ಕೊರತೆಯನ್ನು ತುಂಬುವುದೋ ನಮಗೆ ತೋರದು. ಯೋಜನೆಯಲ್ಲಿ ಲಂಟಾನ ಕೀಳುವ ಕ್ರಮವನ್ನೂ ಬೆಂಕಿರೇಖೆಗಳನ್ನೂ ಸೋಲಿಗರ ತಿಳಿವಳಿಕೆಯಂತೆ ಗೊತ್ತುಮಾಡಿದರೆ, ಬೆಂಕಿ ಬೀಳುವ ಮುನ್ನವೇ ಪುನರುದ್ಧಾರದ ಬಹುಭಾಗ ಮುಗಿದಿರುತ್ತದೆ.

ತರಗು ಬೆಂಕಿಯ ಪ್ರಶ್ನೆಯೊಂದು ಮಾತ್ರ ಉಳಿಯುತ್ತದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯು ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವೆಂದು ಗಣಿಸುತ್ತದೆ. ವನ್ಯಜೀವಿ ಕಾಯಿದೆಯ 30ನೆಯ ಪ್ರಕರಣವಾದರೋ ಅಭಯಾರಣ್ಯಕ್ಕೆ ಅಪಾಯ ತರುವ ರೀತಿಯ ಬೆಂಕಿಯನ್ನು ನಿಷೇಧಿಸಿದೆ. ಲಂಟಾನ ಕಿತ್ತ ನೆಲದಲ್ಲಿ, ಮಾಘದ ಮುಂಜಾನೆಯ ಇಬ್ಬನಿಯಲ್ಲಿ ಮೊಣಕಾಲೆತ್ತರಕ್ಕೆ ಹರಿಯುವ ಬೆಂಕಿ ಆ ರೀತಿಯದೋ ಅಲ್ಲವೋ ಎಂಬುದನ್ನು ಸಣ್ಣ ತಾಣಗಳಲ್ಲಿ ಇಲಾಖೆಯೂ ಗ್ರಾಮಸಭೆಯೂ ಕೂಡಿ ಪರೀಕ್ಷಿಸಿ ನೋಡಬಹುದಾಗಿದೆ.